ಆರ್.ಸಿ.ಯಲ್ಲಿಲ್ಲದ ಕಾರಿನೊಡನೆ ಒಂದು ಸಂದರ್ಶನ

ಮಾರ್ಪಡಿಸಿದ ಕಾರು ಎಂದರೆ, ಕಾರ್ಖಾನೆಯಿಂದ ಹೊರಬಂದ ರೂಪದಲ್ಲಿಯೂ ವೇಗದಲ್ಲಿಯೂ ಸದ್ದಿನಲ್ಲಿಯೂ ತೃಪ್ತಿ ಕಾಣದ ಮಾಲೀಕರು ಎಂಜಿನ್ನಿನ ಗಣಕದಿಂದ ಹಿಡಿದು ಚಕ್ರದ ನಟ್ಟಿನವರೆಗೆ ಬದಲಾಯಿಸಿಕೊಂಡ ವಾಹನ ಎಂದು ಸ್ಥೂಲವಾಗಿ ಹೇಳಬಹುದು. ಇಂತಹ ವಾಹನವನ್ನು ಮಾಡಿಸುವ ವಿದ್ಯೆ ಬೆಂಗಳೂರಿನ ಗ್ಯಾರೇಜುಗಳಿಂದ ರಾಷ್ಟ್ರೀಯ ಹೆದ್ದಾರಿ 75ರ ಗುಂಟ ಹಾಸನ ಜಿಲ್ಲೆಯವರೆಗೂ ಹರಿದು ಬಂದಿದೆಯಾದರೂ, ಮಾಡಿಸಿದ್ದನ್ನು ಮಾರುವ ವಿದ್ಯೆ ಮಾತ್ರ ಶಾಂತಿಗ್ರಾಮದ ಟೋಲ್ ಗೇಟಿನ ಆಚೆಯೇ ಉಳಿದಿರುವಂತೆ ತೋರುತ್ತದೆ. ಈ ಕೊರತೆಯ ಕಾರಣಗಳನ್ನು ವಿಚಾರಿಸುವ ಸಲುವಾಗಿ, ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಬದಿಯ ಯಾರ್ಡೊಂದರಲ್ಲಿ ಗಿರಾಕಿಗಾಗಿ ಕಾದು ನಿಂತಿರುವ, ಕೆಎ-13 ಸಂಖ್ಯೆಯ ಕಾಲ್ಪನಿಕ ಕಾರೊಂದನ್ನು ಇಲ್ಲಿ ಮಾತನಾಡಿಸಲಾಗಿದೆ. ಕಾರು ತನ್ನನ್ನು ಉದ್ದಕ್ಕೂ ‘ಈ ವಾಹನ’ ಎಂದೇ ಕರೆದುಕೊಂಡಿತು. ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ವಿವರಿಸಿರುವ ಕಾರೂ ಯಾರ್ಡಿನಲ್ಲಿ ನಿಂತು ಉತ್ತರ ಕೊಡುತ್ತಿರುವ ಕಾರೂ ಒಂದೇ ಎಂದು ಪ್ರಮಾಣೀಕರಿಸುವ ಅಧಿಕಾರ ತನಗಿಲ್ಲ, ಅದು ಪ್ರಾದೇಶಿಕ ಸಾರಿಗೆ ಕಚೇರಿಗೆ ಸೇರಿದ ವಿಷಯ ಎಂಬುದು ಅದು ಕೊಟ್ಟ ಕಾರಣ.

ಪ್ರಶ್ನೆ: ತಮ್ಮ ಪೂರ್ವಾಶ್ರಮದ ವಿವರಗಳನ್ನು ಸಂಕ್ಷೇಪವಾಗಿ ತಿಳಿಸಬಹುದೇ?

ಉತ್ತರ: ಈ ವಾಹನವು ಫೋಕ್ಸ್‌ವ್ಯಾಗನ್ ಪೋಲೊ ಜಿ.ಟಿ. ಟಿ.ಎಸ್.ಐ. ಎಂಬ ಹೆಸರಿನಿಂದ ಪುಣೆಯ ಸಮೀಪದ ಚಾಕಣ್ ಕಾರ್ಖಾನೆಯಲ್ಲಿ ಹುಟ್ಟಿ, 2013ರಲ್ಲಿ ಹಾಸನದಲ್ಲಿ ನೋಂದಣಿಯಾಯಿತು. ಆ ವರ್ಷವೇ ಮಾರುಕಟ್ಟೆಗೆ ಬಂದ ಈ ಮಾದರಿಗೆ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿ.ಎಸ್. ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಮತ್ತು ಕ್ಲಚ್ ಪೆಡಲಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಏಳು ಗೇರಿನ ಡಿ.ಎಸ್.ಜಿ. ಪೆಟ್ಟಿಗೆ ಇದ್ದವು. ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ. ಬಿಡುಗಡೆಯ ಸಮಯದಲ್ಲಿ ದೆಹಲಿಯ ಎಕ್ಸ್-ಶೋರೂಂ ಬೆಲೆ 7.99 ಲಕ್ಷ ರೂಪಾಯಿ ಇತ್ತು. ಭಾರತದಲ್ಲಿ ಪೋಲೊ ಕಾರಿನ ತಯಾರಿಕೆ 2022ರಲ್ಲಿ ನಿಂತುಹೋದ ಮೇಲೆ, ಬಿಚ್ಚದೆ ಮುಟ್ಟದೆ ಉಳಿದ ಜಿ.ಟಿ.ಗಳ ಬಗ್ಗೆ ಗೌರವ ಬೆಳೆಯಿತು. ಆ ಗೌರವ ಬೆಳೆಯುವ ಹೊತ್ತಿಗೆ ಈ ವಾಹನವನ್ನು ಬಿಚ್ಚಿಯೂ ಆಗಿತ್ತು, ಮುಟ್ಟಿಯೂ ಆಗಿತ್ತು.

ಪ್ರಶ್ನೆ: ಆ ಬಳಿಕ ನಡೆದ ಸಂಸ್ಕಾರಗಳು ಯಾವುವು?

ಉತ್ತರ: ಒಟ್ಟು ಒಂಬತ್ತು. ಮೊದಲನೆಯದು ರೀಮ್ಯಾಪ್: ಎಷ್ಟು ಪೆಟ್ರೋಲ್ ಚಿಮ್ಮಬೇಕು, ಯಾವ ಕ್ಷಣಕ್ಕೆ ಕಿಡಿ ಹೊತ್ತಬೇಕು, ಟರ್ಬೊ ಎಷ್ಟು ಒತ್ತಡ ಕೊಡಬೇಕು ಎಂಬುದನ್ನೆಲ್ಲ ಇ.ಸಿ.ಯು. ಎಂಬ ಗಣಕ ಪೆಟ್ಟಿಗೆಯೇ ನಿರ್ಧರಿಸುವುದರಿಂದ, ಅದರೊಳಗಿನ ಕೋಷ್ಟಕಗಳನ್ನು ತಿದ್ದಿ ಬರೆದರೆ ಸ್ಪ್ಯಾನರು ಮುಟ್ಟದೆಯೇ ಶಕ್ತಿ ಏರುತ್ತದೆ. ಎರಡನೆಯದು ಡೌನ್‌ಪೈಪ್: ಟರ್ಬೊದಿಂದ ಹೊರಡುವ ಹೊಗೆಯ ಕೊಳವೆಯನ್ನು ಅಗಲ ಮಾಡಿ, ವಿಷಕಾರಿ ಅನಿಲಗಳ ವಿಷವನ್ನು ಇಳಿಸುತ್ತಿದ್ದ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದುಹಾಕಲಾಯಿತು. ಮೂರನೆಯದು ಸೈಲೆನ್ಸರ್, ಹಳೆಯದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂಬುದೇ ಅದರ ಮೇಲಿದ್ದ ಆರೋಪ. ನಾಲ್ಕನೆಯದು ಹೆಚ್ಚು ಗಾಳಿ ಎಳೆಯುವ ಏರ್ ಫಿಲ್ಟರ್, ಐದನೆಯದು ಕಾರನ್ನು ನೆಲದತ್ತ ತಗ್ಗಿಸುವ ಗಿಡ್ಡ ಸ್ಪ್ರಿಂಗು, ಆರನೆಯದು 15 ಇಂಚಿನವುಗಳ ಜಾಗದಲ್ಲಿ 17 ಇಂಚಿನ ಅಲಾಯ್ ಚಕ್ರ. ಏಳನೆಯದು ಕೆಂಪು ಬಣ್ಣದ ಮೇಲೆ ಹೊದಿಸಿದ ಬೂದು ಬಣ್ಣದ ರ‍್ಯಾಪ್, ಅಂದರೆ ಅಂಟಿನ ಹಾಳೆ. ಎಂಟನೆಯದು ಗಾಜಿಗೆ ಬಳಿದಂತೆ ಕೂತಿರುವ ಕಪ್ಪು ಫಿಲ್ಮು. ಒಂಬತ್ತನೆಯದು ಎದುರಿನಿಂದ ಬರುವವರಿಗೆ ದಾರಿಯೇ ಕಾಣದಂತೆ ಮಾಡುವ ಹೆಡ್‌ಲೈಟು.

ಪ್ರಶ್ನೆ: ಇಷ್ಟೆಲ್ಲದರ ಫಲವಾಗಿ ಶಕ್ತಿ ಎಷ್ಟಾಗಿದೆ?

ಉತ್ತರ: ಅದು ಕೇಳುವವರನ್ನು ಅವಲಂಬಿಸಿದೆ. ಡೈನಮೋಮೀಟರ್ ಎಂಬ ಯಂತ್ರದ ಉರುಳೆಗಳ ಮೇಲೆ ಕಾರನ್ನು ಓಡಿಸಿ ಅಳೆದಾಗ ಸಿಗುವುದು ಚಕ್ರಕ್ಕೆ ಮುಟ್ಟಿದ ಶಕ್ತಿ. ಗೇರು ಪೆಟ್ಟಿಗೆಯಲ್ಲಿಯೂ ಆಕ್ಸಲಿನಲ್ಲಿಯೂ ಸೋರಿಹೋದದ್ದನ್ನು ಅಂದಾಜಿನಿಂದ ಕೂಡಿಸಿದರೆ ಎಂಜಿನ್ನಿನ ಶಕ್ತಿ ದೊರೆಯುತ್ತದೆ. ಈ ಅಂದಾಜಿನ ಭಾಗವು ಗ್ಯಾರೇಜಿನಲ್ಲಿ ಒಂದಿಷ್ಟಿದ್ದು, ಮದುವೆಮನೆಯ ಊಟದ ಪಂಕ್ತಿಗೆ ಬರುವಷ್ಟರಲ್ಲಿ ಇನ್ನೊಂದಿಷ್ಟು ಬೆಳೆದಿರುತ್ತದೆ. ಆದರೆ ಮಾರಾಟಕ್ಕೆ ಸಂಬಂಧಿಸಿದ ಅಂಕಿ ಅದಲ್ಲ. ಈ ವಾಹನದ ಡಿ.ಎಸ್.ಜಿ. ಪೆಟ್ಟಿಗೆಯು ಎರಡು ಒಣ ಕ್ಲಚ್‌ಗಳುಳ್ಳ ಡಿ.ಕ್ಯೂ.200 ಎಂಬ ಜಾತಿಯದು. ಅದನ್ನು ರೂಪಿಸಿರುವುದು ಹೆಚ್ಚೆಂದರೆ 250 ನ್ಯೂಟನ್ ಮೀಟರ್ ಬಲಕ್ಕೆ. ಆದ್ದರಿಂದ ಮಾಲೀಕರು ಟಾರ್ಕಿನ ಅಂಕಿಯನ್ನು ಏರಿಸಿ ಹೇಳಿದಷ್ಟೂ, ಗಿರಾಕಿ ಬೆರಗಾಗುತ್ತಾನಾದರೂ, ಗಿರಾಕಿಯ ಜೊತೆ ಬಂದ ಮೆಕ್ಯಾನಿಕ್ ಮಾತ್ರ ಮನಸ್ಸಿನಲ್ಲಿಯೇ ಗೇರು ಪೆಟ್ಟಿಗೆಯ ರಿಪೇರಿ ಖರ್ಚನ್ನು ಬೆಲೆಯಿಂದ ಕಳೆಯುತ್ತಾ ಹೋಗುತ್ತಾನೆ.

ಪ್ರಶ್ನೆ: ಗಾಜಿನ ಮೇಲೆ ಬರೆದಿರುವ ಎಂಟೂವರೆ ಲಕ್ಷವೆಂಬ ಬೆಲೆ ಹೇಗೆ ಹುಟ್ಟಿತು?

ಉತ್ತರ: ಕೂಡುವ ಲೆಕ್ಕದಿಂದ. ಇದೇ ಮಾದರಿಯ, ಇಷ್ಟೇ ವಯಸ್ಸಿನ ಕಾರು ಇದ್ದ ಹಾಗೆಯೇ ಇದ್ದರೆ ನಾಲ್ಕು ಲಕ್ಷವಾದರೂ ಬಾಳುತ್ತದೆ ಎಂದು ಮಾಲೀಕರ ಎಣಿಕೆ. ಮಾರ್ಪಾಡಿಗೆ ಆದ ಖರ್ಚು ನಾಲ್ಕೂವರೆ ಲಕ್ಷ ಎಂಬುದಕ್ಕೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಬಿಲ್ಲುಗಳ ಕಟ್ಟು ಇದೆ. ಖರ್ಚಾದ ಹಣವು ಕಾರಿನೊಳಗೆ ಠೇವಣಿಯಾಗಿ ಕೂತಿದೆ, ಮಾರುವ ದಿನ ಅದನ್ನು ಹಿಂಪಡೆಯಬಹುದು ಎಂಬ ನಂಬಿಕೆಯೇ ಈ ಲೆಕ್ಕದ ತಳಹದಿ. ವಿಮೆಯವರ ಲೆಕ್ಕ ಹೀಗಿಲ್ಲ. ಐ.ಡಿ.ವಿ. ಎಂದರೆ ಕಾರು ಕಳುವಾದರೆ ಅಥವಾ ಪೂರ್ತಿ ನಾಶವಾದರೆ ವಿಮೆಯವರು ಒಪ್ಪಿಕೊಳ್ಳುವ ಘೋಷಿತ ಮೌಲ್ಯ. ಅದರ ಪಟ್ಟಿಯ ಪ್ರಕಾರ ಮೊದಲ ಆರು ತಿಂಗಳಲ್ಲಿ ಶೇ. 5, ವರ್ಷ ತುಂಬುವುದರೊಳಗೆ ಶೇ. 15, ಎರಡನೆಯ ವರ್ಷದಲ್ಲಿ ಶೇ. 20, ಮೂರನೆಯದರಲ್ಲಿ ಶೇ. 30, ನಾಲ್ಕನೆಯದರಲ್ಲಿ ಶೇ. 40, ಐದನೆಯದರಲ್ಲಿ ಶೇ. 50 ಸವಕಳಿಯಾಗುತ್ತದೆ, ಐದು ವರ್ಷ ದಾಟಿದ ಕಾರಿನ ಮೌಲ್ಯವನ್ನು ಎರಡೂ ಕಡೆಯವರು ಮಾತಾಡಿ ಒಪ್ಪಿಕೊಳ್ಳಬೇಕಾಗುತ್ತದೆ. ಕಾರ್ಖಾನೆಯಲ್ಲಿ ಜೋಡಿಸದ ಸಾಮಾನುಗಳನ್ನು ಪ್ರತ್ಯೇಕವಾಗಿ ತಿಳಿಸಿ, ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಮಾತ್ರ ಅವುಗಳಿಗೆ ರಕ್ಷಣೆ. ಮಾಲೀಕರು ಪ್ರೀಮಿಯಂ ಉಳಿಸುವ ದೃಷ್ಟಿಯಿಂದ ಅವನ್ನು ತಿಳಿಸಿಲ್ಲ. ಹೀಗಾಗಿ ವಿಮೆಯವರ ಮುಂದೆ ಏನನ್ನೂ ಮಾಡಿಸದ ಹಳೆಯ ಕಾರೂ, ಗಿರಾಕಿಯ ಮುಂದೆ ನಾಲ್ಕೂವರೆ ಲಕ್ಷ ಸುರಿದು ಮಾಡಿಸಿದ ಕಾರೂ ಒಂದೇ ನಂಬರ್ ಪ್ಲೇಟಿನ ಹಿಂದೆ ಸಂಸಾರ ನಡೆಸುತ್ತಿವೆ.

ಪ್ರಶ್ನೆ: ಗಿರಾಕಿಗಳು ಬರುತ್ತಿಲ್ಲವೇ?

ಉತ್ತರ: ಧಾರಾಳವಾಗಿ ಬರುತ್ತಾರೆ. ಆದರೆ ಮೆಚ್ಚುವವರ ಬಳಿ ಹಣವಿರುವುದಿಲ್ಲ, ಹಣವಿರುವವರಿಗೆ ಮೆಚ್ಚುಗೆಯಾಗುವುದಿಲ್ಲ. ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದು, ಸೈಲೆನ್ಸರಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಬಾನೆಟ್ಟಿಗೆ ಒರಗಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅವರಲ್ಲಿ ಯಾರಿಗಾದರೂ ಮುಂದೆ ಹಣ ಬಂದರೆ, ಬೇರೆಯವರು ಮಾಡಿಸಿದ್ದನ್ನು ಕೊಳ್ಳುವುದಿಲ್ಲ, ಹೊಸದೊಂದನ್ನು ತಂದು ತಮಗೆ ಬೇಕಾದಂತೆ ಮಾಡಿಸುತ್ತಾರೆ, ಏಕೆಂದರೆ ಇಂತಹ ಕಾರಿನಲ್ಲಿ ಸುಖವಿರುವುದು ಮಾಡಿಸುವುದರಲ್ಲಿಯೇ. ಇನ್ನು ಹಣವುಳ್ಳವರ ವಿಷಯ. 2023ರಲ್ಲಿ ಶುಂಠಿಯ ದರ ಗಗನಕ್ಕೇರಿದ್ದಾಗ, ಅಥವಾ ರಾಮನಾಥಪುರದ ಹರಾಜಿನಲ್ಲಿ ತಂಬಾಕಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷಗಳಲ್ಲಿ, ಅರಕಲಗೂಡು ಕಡೆಯ ಬೆಳೆಗಾರರು ಕಾರು ನೋಡಲು ಬರುವುದುಂಟು. ಅವರು ಈ ವಾಹನವನ್ನು ಒಂದು ಸುತ್ತು ಹಾಕಿ ಹೇಳುವ ಮಾತು ಯಾವಾಗಲೂ ಒಂದೇ: ‘ಇವೆಲ್ಲ ನೀವೇ ಬಿಚ್ಚಿಟ್ಕೊಳ್ಳಿ ಗೌಡ್ರೆ, ಬರೀ ಕಾರಿಗೆ ಎಷ್ಟು, ಅದು ಹೇಳಿ.’

ಪ್ರಶ್ನೆ: ಹಾಗಾದರೆ ಬಿಚ್ಚಿಟ್ಟುಕೊಂಡು ಬರೀ ಕಾರನ್ನೇ ಮಾರಬಹುದಲ್ಲವೇ?

ಉತ್ತರ: ಬಿಚ್ಚಿದ ಜಾಗಕ್ಕೆ ಹಾಕಲು ಮೂಲ ಸಾಮಾನುಗಳು ಬೇಕು. ಹಳೆಯ ಸ್ಪ್ರಿಂಗು, ಸೈಲೆನ್ಸರು ಮತ್ತು ಹೊಗೆಯ ಕೊಳವೆಗಳನ್ನು ಮಾಲೀಕರು ಅಂದೇ ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಟ್ಟರು. ಹಳೆಯ ಕನ್ವರ್ಟರಿನೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುತ್ತದೆ ಎಂಬುದು ಆ ವ್ಯವಹಾರದಲ್ಲಿ ಗುಜರಿಯವರೊಬ್ಬರಿಗೇ ಗೊತ್ತಿದ್ದ ಸಂಗತಿ. ನಾಲ್ಕು ಮೂಲ ಚಕ್ರಗಳನ್ನು ಚನ್ನರಾಯಪಟ್ಟಣದಲ್ಲಿರುವ ಭಾವಮೈದನಿಗೆ ಪ್ರೀತಿಯಿಂದ ಕೊಡಲಾಗಿತ್ತು; ಈಗ ಕೇಳಿದರೆ ಆತ ಪ್ರೀತಿಯನ್ನು ಹಿಂದಿರುಗಿಸಲು ಸಿದ್ಧನಿದ್ದಾನೆ, ಚಕ್ರಗಳನ್ನಲ್ಲ.

ಪ್ರಶ್ನೆ: ಓಡಿಸಿ ನೋಡಿದವರ ಅಭಿಪ್ರಾಯವೇನು?

ಉತ್ತರ: ಓಡಿಸಿ ನೋಡುವಿಕೆಯು ಊರಿನ ಎಲ್ಲೆಯಲ್ಲಿರುವ ಮೊದಲನೆಯ ಹಂಪ್ಸ್‌ನ ಬಳಿ ಮುಗಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯು ರಸ್ತೆ ಉಬ್ಬಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಎಂಬ ಮಾನವನ್ನು ಗೊತ್ತುಮಾಡಿದೆಯಾದರೂ, ಹಳ್ಳಿಯ ಮುಂದೆ ಅಪಘಾತವಾದ ಮಾರನೆಯ ದಿನ ಗ್ರಾಮಸ್ಥರು ಕೂಡಿ ಹಾಕಿಸುವ ಉಬ್ಬು ಆ ಪುಸ್ತಕವನ್ನು ಓದಿರುವುದಿಲ್ಲ. ತಗ್ಗಿಸಿದ ಕಾರು ಅದರ ಮೇಲೆ ನೇರವಾಗಿ ಹತ್ತದೆ, ಓರೆಯಾಗಿ, ಒಂದೊಂದೇ ಚಕ್ರವನ್ನು ಏರಿಸುತ್ತಾ ದಾಟಬೇಕಾಗುತ್ತದೆ. ಹಿಂದೆ ಸಾಲುಗಟ್ಟಿದ ಹಾಲಿನ ಲಾರಿ, ಟ್ರ್ಯಾಕ್ಟರುಗಳ ಚಾಲಕರು ಆಗ ವ್ಯಕ್ತಪಡಿಸುವ ಅಭಿಪ್ರಾಯಗಳು ದಾಖಲೆಗೆ ಯೋಗ್ಯವಲ್ಲ.

ಪ್ರಶ್ನೆ: ಕಾನೂನು ಇಂತಹ ವಾಹನವನ್ನು ಹೇಗೆ ನೋಡುತ್ತದೆ?

ಉತ್ತರ: ಆದಷ್ಟೂ ನೋಡದಿರುತ್ತದೆ, ನೋಡಿದ ದಿನ ಬಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣದ ತಿರುಳೆಂದರೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಬದಲಾಯಿಸಬಾರದು. ಗ್ಯಾಸ್‌ಗೆ ಪರಿವರ್ತಿಸುವಂತಹ ಕೆಲವಕ್ಕೆ ಮಾತ್ರ ಷರತ್ತಿನ ವಿನಾಯಿತಿ ಇದೆ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಒಂಬತ್ತನ್ನೂ ಅಕ್ರಮವೆಂದು ಎಣಿಸಿದ ಪಕ್ಷದಲ್ಲಿ ದಂಡ 45,000 ರೂಪಾಯಿ; ಈ ವಾಹನದ ಒಂದೊಂದು ಅಂಗಕ್ಕೂ ಪ್ರತ್ಯೇಕ ಬೆಲೆ ಕಟ್ಟುವ ಸಂಸ್ಥೆಯೆಂದರೆ, ಮಾಲೀಕರನ್ನು ಬಿಟ್ಟರೆ, ಸರ್ಕಾರವೊಂದೇ. ಇದಲ್ಲದೆ ಹೊಗೆ ಮತ್ತು ಸದ್ದಿನ ಮಿತಿ ಮೀರಿದರೆ 190ನೆಯ ಪ್ರಕರಣದಂತೆ 10,000 ರೂಪಾಯಿವರೆಗೆ ದಂಡವುಂಟು. ಗಾಜುಗಳಂತೂ, ಮುಂದಿನ ಮತ್ತು ಹಿಂದಿನವು ಶೇ. 70ರಷ್ಟು, ಪಕ್ಕದವು ಶೇ. 50ರಷ್ಟು ಬೆಳಕನ್ನು ಒಳಬಿಡಬೇಕೆಂದು ನಿಯಮವಿರುವಾಗ, ಈ ವಾಹನದ ಗಾಜುಗಳು ಬಿಡುವುದು ಅನುಮಾನವನ್ನು ಮಾತ್ರ.

ಪ್ರಶ್ನೆ: ಬೆಲೆ ಕಟ್ಟುವ ವಿಷಯದಲ್ಲಿ ಈ ಸೀಮೆಗೆ ತನ್ನದೇ ಆದ ಪರಂಪರೆ ಇಲ್ಲವೇ?

ಉತ್ತರ: ಇದೆ, ಮತ್ತು ಯಾರ್ಡಿಗಿಂತ ಅದು ಬಹಳ ಮುಂದುವರಿದಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ದನಗಳ ಜಾತ್ರೆಗೆ ಹಳ್ಳಿಕಾರ್ ಎತ್ತಿನ ಜೋಡಿಯನ್ನು ಹೊಡೆದುಕೊಂಡು ಬಂದ ರೈತನೂ ಕೊಂಬು ಹೆರೆಸಿ, ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಮೈಗೆ ಜೂಲು ಹೊದಿಸಿ ನಿಲ್ಲಿಸುತ್ತಾನೆ. ಆದರೆ ಕೊಳ್ಳುವವನು ಬಾಯಿ ತೆರೆಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ವಯಸ್ಸು ತಿಳಿದು, ಸುಳಿ ನೋಡಿ, ನಡೆಸಿ, ಗೊರಸು ಪರೀಕ್ಷಿಸುತ್ತಾನೆ. ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ, ಗೆಜ್ಜೆಗೆ ಇಷ್ಟು, ಜೂಲಿಗೆ ಇಷ್ಟು ಎಂದು ಕೂಡಿಸುವ ಬೆರಳು ಯಾವುದೂ ಇಲ್ಲ. ಅಲಂಕಾರವು ಗಿರಾಕಿಯ ಕಣ್ಣನ್ನು ಸೆಳೆಯುವುದಕ್ಕೆ, ಬೆಲೆಯು ಎತ್ತಿಗೆ ಎಂಬ ವಿವೇಕ ಜಾತ್ರೆಗೆ ಬಂದ ಇಬ್ಬರಿಗೂ ಇರುತ್ತದೆ. ಈ ವಾಹನದ ಮಾಲೀಕರ ತಂದೆಯವರು ಅಂತಹ ಜಾತ್ರೆಗಳಲ್ಲಿ ಹೆಸರುವಾಸಿಯಾದ ವ್ಯಾಪಾರಸ್ಥರಾಗಿದ್ದರು. ಮಗನ ಬಿಲ್ಲಿನ ಕಟ್ಟನ್ನು ನೋಡಿದ ದಿನದಿಂದ ಅವರು ಯಾರ್ಡಿನ ಕಡೆಗೆ ತಲೆಹಾಕಿಲ್ಲ.

ಪ್ರಶ್ನೆ: ಬ್ರೋಕರರ ಪಾತ್ರವೇನು?

ಉತ್ತರ: ಮಾಲೀಕರಿಗೆ ‘ಇಂಥ ಗಾಡಿ ಜಿಲ್ಲೆಯಲ್ಲೇ ಇನ್ನೊಂದಿಲ್ಲ’ ಎಂದೂ, ಗಿರಾಕಿಗೆ ‘ಹೇಳೋ ರೇಟು ಬಿಡಿ ಅಣ್ಣ, ಕೂತು ಮಾತಾಡೋಣ’ ಎಂದೂ ಹೇಳಿ, ಎರಡು ಕಡೆಯಿಂದಲೂ ಕಮಿಷನ್ ಗೊತ್ತುಮಾಡಿಕೊಳ್ಳುವುದು. ಹಳೆಯ ವಾಹನಗಳ ವ್ಯಾಪಾರಸ್ಥರು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆದಿರಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆಯಾದರೂ, ಯಾರ್ಡಿನಲ್ಲಿ ಕಣ್ಣಿಗೆ ಬೀಳುವ ಪತ್ರವೆಂದರೆ ದೇವರ ಪಟದ ಪಕ್ಕದ ಕ್ಯಾಲೆಂಡರ್ ಮಾತ್ರ. ಇದಕ್ಕಿಂತ ಗಂಭೀರವಾದುದು, ಟೋಕನ್ ಅಡ್ವಾನ್ಸ್ ಪಡೆದು ಕೀಲಿ ಕೊಟ್ಟು, ಆರ್.ಸಿ. ವರ್ಗಾವಣೆಯನ್ನು ಮುಂದೆ ನೋಡಿಕೊಳ್ಳೋಣ ಎಂದು ಬಿಡುವ ಪದ್ಧತಿ. ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಕಚೇರಿಗೆ ತಿಳಿಸಬೇಕು. ಅದಕ್ಕಾಗಿ 29 ಮತ್ತು 30ನೆಯ ನಮೂನೆಗಳಿವೆ. ಹಲವರ ಕೈಬದಲಾಗಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ವೇಗಕ್ಕೆಂದೇ ಮಾಡಿಸಿದ ಕಾರನ್ನು, ವೇಗಕ್ಕೆಂದೇ ಕೊಳ್ಳುವ ಹುಡುಗನಿಗೆ, ತಮ್ಮ ಹೆಸರಿನಲ್ಲಿಯೇ ಉಳಿಸಿ ಕೊಡುವುದಕ್ಕಿಂತ ದೊಡ್ಡ ಔದಾರ್ಯ ಇನ್ನೊಂದಿಲ್ಲ.

ಪ್ರಶ್ನೆ: ಮಾರ್ಪಾಡಿಗೆ ನಿಜವಾದ ಬೆಲೆ ಸಿಗುವ ಜಾಗ ಎಲ್ಲಿಯೂ ಇಲ್ಲವೇ?

ಉತ್ತರ: ಕಾಗದ ಇರುವಲ್ಲಿ ಇದೆ. ಈ ಕಾರಿನ ಕಂಪನಿಯ ತವರಾದ ಜರ್ಮನಿಯಲ್ಲಿ ಚಕ್ರ, ಸ್ಪ್ರಿಂಗುಗಳಂತಹ ಬಿಡಿಭಾಗಗಳು ಪ್ರಮಾಣಪತ್ರದೊಡನೆ ಬರುತ್ತವೆ. ಟ್ಯೂವ್‌ನಂತಹ ತಪಾಸಣಾ ಸಂಸ್ಥೆಯ ತಜ್ಞರು ಜೋಡಣೆಯನ್ನು ಪರೀಕ್ಷಿಸಿ ಒಪ್ಪಿದ ಮೇಲೆ, ಅಗತ್ಯವಿದ್ದಲ್ಲಿ ವಾಹನದ ದಾಖಲೆಯಲ್ಲಿಯೇ ಅದನ್ನು ನಮೂದಿಸಲಾಗುತ್ತದೆ, ಆದ್ದರಿಂದ ಕೊಳ್ಳುವವನು ಮಾರುವವನ ಮಾತನ್ನು ನಂಬಬೇಕಾಗಿಲ್ಲ. ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಗಳಿಗೆಂದು ಕಟ್ಟಿದ ಕಾರುಗಳಿಗೂ ಸ್ಪರ್ಧೆಯ ನಿಯಮಗಳಿವೆ, ತಪಾಸಣೆಯಿದೆ, ಇಂಥದನ್ನೇ ಬೇಕೆಂದು ಹುಡುಕುವ ಸ್ಪರ್ಧಿಗಳಿದ್ದಾರೆ. ಈ ವಾಹನವು ಇದುವರೆಗೆ ಭಾಗವಹಿಸಿರುವ ಸ್ಪರ್ಧೆಯೆಂದರೆ, ಹೆದ್ದಾರಿಯಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದ ಇನ್ನೋವಾ ಒಂದರೊಡನೆ, ಅದರ ಚಾಲಕನಿಗೆ ತಿಳಿಯದಂತೆ ನಡೆದದ್ದು.

ಪ್ರಶ್ನೆ: ಹಾಗಾದರೆ ಶಾಸ್ತ್ರೀಯವಾಗಿ ಬೆಲೆ ಕಟ್ಟುವ ಕ್ರಮವೇನು?

ಉತ್ತರ: ಕೂಡುವುದನ್ನು ಬಿಟ್ಟು ವಿಂಗಡಿಸುವುದನ್ನು ಕಲಿಯಬೇಕು. ಮೊದಲು, ಇದೇ ವಯಸ್ಸಿನ ಮುಟ್ಟದ ಕಾರಿಗೆ ಹಾಸನದಲ್ಲಿ ಈಗ ಕೈಗೆ ಬರುತ್ತಿರುವ ಹಣ ಎಷ್ಟೆಂದು ತಿಳಿದು, ಅದನ್ನೇ ಬುಡವಾಗಿ ಇಟ್ಟುಕೊಳ್ಳಬೇಕು. ಎರಡನೆಯದಾಗಿ, ಚಕ್ರ, ಫಿಲ್ಟರ್, ಸ್ಪ್ರಿಂಗುಗಳಂತೆ ಬಿಚ್ಚಲು ಬರುವವನ್ನು ಬಿಚ್ಚಿ, ಮೂಲ ಸಾಮಾನು ಜೋಡಿಸಿ, ಬಿಚ್ಚಿದ್ದನ್ನು ಅದನ್ನೇ ಹುಡುಕುತ್ತಿರುವವರಿಗೆ ಬೇರೆಯಾಗಿ ಮಾರಬೇಕು. ಒಟ್ಟಾಗಿ ನಿಂತ ಕಾರಿಗಿಂತ ಬಿಡಿಬಿಡಿಯಾಗಿ ಹೋದ ಕಾರಿಗೆ ಹೆಚ್ಚು ಹಣ ಬರುವುದು ಈ ವ್ಯಾಪಾರದ ವಿಚಿತ್ರವಾದರೂ ಸತ್ಯವಾದ ನಿಯಮ. ಮೂರನೆಯದಾಗಿ, ರೀಮ್ಯಾಪಿನಂತೆ ಅಳಿಸಬಹುದಾದರೂ ಕೈಗೆ ಸಿಗದಂಥವನ್ನು ಸೊನ್ನೆ ಎಂದು ಬರೆಯಬೇಕು. ಅದರಿಂದ ಪಡೆದ ಸುಖವನ್ನು ಮಾಲೀಕರು ಆಗಲೇ ಅನುಭವಿಸಿ ಮುಗಿಸಿದ್ದಾರೆ. ನಾಲ್ಕನೆಯದಾಗಿ, ಕತ್ತರಿಸಿ ಬೆಸುಗೆ ಹಾಕಿದ್ದನ್ನು ಸರಿಪಡಿಸುವ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಕೊನೆಯದಾಗಿ ಕ್ಯಾಲೆಂಡರ್ ನೋಡಬೇಕು: ಖಾಸಗಿ ಕಾರಿನ ನೋಂದಣಿಯ ಆಯುಸ್ಸು 15 ವರ್ಷವಾದ್ದರಿಂದ ಈ ವಾಹನಕ್ಕೆ 2028ರಲ್ಲಿ ನವೀಕರಣ ಬರುತ್ತದೆ, ಆ ದಿನ ಇನ್‌ಸ್ಪೆಕ್ಟರರ ಮುಂದೆ ನಿಲ್ಲಬೇಕಾದವರು ಯಾರೋ ಅವರೇ ಒಂಬತ್ತು ಪ್ರಶ್ನೆಗಳಿಗೂ ಉತ್ತರ ಕೊಡಬೇಕು. ಮಾರ್ಪಾಡು ಎಂಬುದು ಮಾಲೀಕರು ತಮಗಾಗಿ ಮಾಡಿಕೊಂಡ ಖರ್ಚು. ಅದರ ರಸೀತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಣ ಕೇಳುವುದು, ಪ್ರವಾಸ ಹೋಗಿ ಬಂದವರು ಹಳೆಯ ಟಿಕೆಟನ್ನು ಮಾರಲು ಹೊರಟಂತೆ.

ಪ್ರಶ್ನೆ: ಈ ವಿವೇಚನೆಯನ್ನು ಮಾಲೀಕರ ಗಮನಕ್ಕೆ ತರಲಾಗಿದೆಯೇ?

ಉತ್ತರ: ಅವರಿಗೆ ಪುರುಸೊತ್ತಿಲ್ಲ. ಈ ವಾಹನ ಎಂಟೂವರೆ ಲಕ್ಷಕ್ಕೆ ಹೋಗುತ್ತದೆಂಬ ಭರವಸೆಯ ಮೇಲೆ ಹೊಸ ಕಾರೊಂದನ್ನು ಬುಕ್ ಮಾಡಿದ್ದಾರೆ. ಅದು ಶೋರೂಮಿಗೆ ಬರುವ ಮೊದಲೇ ಅದಕ್ಕೆ ಸ್ಪ್ರಿಂಗು, ಸೈಲೆನ್ಸರುಗಳ ಆರ್ಡರ್ ಹೋಗಿದೆ, 18 ಇಂಚಿನ ಅಲಾಯ್‌ಗೆ ಅಡ್ವಾನ್ಸ್ ಸಂದಿದೆ. ಅದರ ಮೂಲ ಚಕ್ರಗಳು ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಚನ್ನರಾಯಪಟ್ಟಣದಿಂದ ಭಾವಮೈದ ಆಗಲೇ ಫೋನು ಮಾಡಿ, ಅವು ಎಷ್ಟು ಇಂಚಿನವೆಂದು ವಿಚಾರಿಸಿಕೊಂಡಿದ್ದಾನೆ.